ಬೂಟಿನಡಿಯ ದಿಂಬು

ಗ್ರಾಮಫೋನಿನಲ್ಲಿ ಎಜ್ರಾನ ಪಿಟೀಲು ಶುರುವಾದೊಡನೆ ಐದು ವರ್ಷದ ಓಪಲ್ ಹಲಗೆ ನೆಲಕ್ಕೆ ಕಿವಿಯಿಟ್ಟಳು. "ಅಮ್ಮಾ, ಅಪ್ಪನ ಪಿಟೀಲಿದೆ. ಕಾಲೆಲ್ಲಿ?"

ಅವಳಮ್ಮ ಜೆಟ್ಟಿಗೆ ನೆನಪಾಯಿತು. ಬ್ರಿಸ್ಟಲ್‌ಗೆ ಹೋಗಿ ಹಾಡು ರೆಕಾರ್ಡ್ ಮಾಡಿಸಿ ಬಂದ ದಿನ ಗಂಡ ಎಜ್ರಾ ನಕ್ಕಿದ್ದ. "ನಾನು ಕಾಲಲ್ಲಿ ತಾಳ ಹಾಕಿದ್ರೆ ಮಿಷನ್ನಿಗೆ ಹಾಡೇ ಕೇಳಲ್ವಂತೆ ಕಣೇ! ಬೂಟಿನ ಕೆಳಗೆ ದಿಂಬಿಟ್ಟುಬಿಟ್ರು. ಅಷ್ಟು ಮೆತ್ತನೆ ದಿಂಬು ನೀನು ನನ್ನ ತಲೆಗೂ ಕೊಟ್ಟಿಲ್ಲ."

ರೆಕಾರ್ಡು ಮನೆಗೆ ಬರುವ ಮೊದಲೇ ಕಲ್ಲಿದ್ದಲ ಗಣಿ ಕುಸಿದು ಅವನು ಹೋದ. ದಿನವೂ ಆ ಕಾಲಿನ ಸದ್ದಿಗೇ ಮಲಗುತ್ತಿದ್ದ ಮಗುವಿಗೆ ಅಂದಿನಿಂದ ಸರಿಯಾಗಿ ನಿದ್ದೆಯಿಲ್ಲ.

ಜೆಟ್ಟಿ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. ಬಾಗಿಲ ಹಿಂದಿದ್ದ ಅವನ ಹಳೆಯ ಬೂಟು ಮೆಟ್ಟಿ, ಪಿಟೀಲಿಗೆ ಸರಿಯಾಗಿ ನೆಲಕ್ಕೆ ತಾಳ ಹಾಕತೊಡಗಿದಳು. ನೆಲಕ್ಕೆ ಕಿವಿಯಿಟ್ಟಲ್ಲೇ ಓಪಲ್ ಕಣ್ಣು ಮುಚ್ಚಿದಳು.