ಅದಲುಬದಲಾದ ಹಲ್ಲು

"ನಮ್ಮನೆಯವರು ತೀರಿಕೊಂಡ ಗಾಬರೀಲಿ, ಅವರ ಬಾಯಿಗೆ ನನ್ನ ಹಲ್ಲಿನ ಸೆಟ್ ಹಾಕಿ ಕಳಿಸಿಬಿಟ್ಟೆ ಮೇಡಂ," ಎಂದ ಅಜ್ಜಿ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. ಹೆತ್ತ ಮಗಳ ಹತ್ತಿರವೂ ಬಾಯಿಬಿಡದ ಮಾತದು. "ಜೀವಮಾನವಿಡೀ ಊಟಕ್ಕೆ ಗೊಣಗಿದವರು, ಒಮ್ಮೆಯೂ ನಗದವರು, ಹಲ್ಲು ಕಿರಿದುಕೊಂಡೇ ಹೋದ್ರು."

ಎದುರು ಕುಳಿತು ಬರೆದುಕೊಳ್ಳುತ್ತಿದ್ದ ಆಪ್ತಸಮಾಲೋಚಕಿ ತಲೆಯೆತ್ತಿದಳು. "ಹಾಗಾದ್ರೆ ಈಗ ನಿಮ್ಮ ಬಾಯಲ್ಲಿರೋದು?"

"ಅವರದ್ದೇ."

ಆಪ್ತಸಮಾಲೋಚಕಿಯ ಭುಜ ಕುಲುಕಿತು. ಅಜ್ಜಿ ದುರುಗುಟ್ಟಿ ನೋಡುವಷ್ಟರಲ್ಲಿ ಆಕೆ ಕೇಳಿಯೇಬಿಟ್ಟಳು: "ಈ ಹಲ್ಲೂ ಉಪ್ಪು ಕಮ್ಮಿ ಅಂತ ಗೊಣಗುತ್ತಾ ಅಮ್ಮಾ?"

ಅಜ್ಜಿಯ ಮೂಗಿನ ತುದಿಗೆ ಬಂದ ಸಿಟ್ಟು ಸೀನಿನಂತೆ ಸಿಡಿದು ನಗುವಾಯಿತು. "ಇಲ್ಲ ಕಣಮ್ಮಾ! ಈಗ ನಾನು ಬಡಿಸಿದ್ದನ್ನ ತೆಪ್ಪಗೆ ತಿನ್ನುತ್ತೆ!"

ಕರವಸ್ತ್ರ ನೆಲಕ್ಕೆ ಬಿತ್ತು. ಬದುಕಿದ್ದಾಗ ನಗದ ಗಂಡನ ಹಲ್ಲು ಅಜ್ಜಿಯ ಬಾಯಲ್ಲಿ ಫಳಫಳ ನಗುತ್ತಿತ್ತು.