ಚಾವಿ ತುಂಬದ ವಾಚು

ಕಣ್ಣೀರು ಬರಿಸಲೆಂದು ಕಳಿಸುತ್ತಿಲ್ಲ ಇದನ್ನು... ಓದಿ ಸಿಟ್ಟು ಬಂದರೆ ಇನ್ನೂ ಒಳ್ಳೆಯದು. ನನಗಂತೂ ಬಂದಿತ್ತು.

ಹುಬ್ಬಳ್ಳಿಯಲ್ಲಿ ಒಬ್ಬ ಟೈಲ್ಸ್ ವ್ಯಾಪಾರಿ. ಹೆಸರು ಚನ್ನವೀರ. ದೊಡ್ಡ ಶೋರೂಮು, ಹೊಸ ಕಾರು, ನಾಲ್ಕು ಜನರ ನಡುವೆ ಒಳ್ಳೆಯ ಹೆಸರು.

ಅವನ ತಂದೆ ಶಿವನಗೌಡರು ಮಿಲಿಟರಿಯಲ್ಲಿ ಹವಾಲ್ದಾರರಾಗಿದ್ದವರು. ಅವರು ಬಂದರೆಂದರೆ ಓಣಿಯ ಪುಂಡರೂ ಬೀಡಿ ಬಚ್ಚಿಡುತ್ತಿದ್ದರು. ಅಂಥವರಿಗೆ ಈಗ ಮರೆವಿನ ಕಾಯಿಲೆ...

ಊಟ ಮಾಡಿದ್ದು ನೆನಪಿಲ್ಲ. ಸೊಸೆಯ ಹೆಸರು ನೆನಪಿಲ್ಲ. ಹೆಂಡತಿ ತೀರಿಕೊಂಡದ್ದೂ ನೆನಪಿಲ್ಲ, ಪಾಪ!

ಒಂದು ಕೆಲಸ ಮಾತ್ರ ತಪ್ಪುತ್ತಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ದಿಂಬಿನ ಕೆಳಗಿನ ವಾಚು ತೆಗೆದು ಚಾವಿ ಕೊಡುವುದು.

ಯುದ್ಧದ ಕಾಲದಲ್ಲಿ ಅವರ ಕೈಯಲ್ಲಿದ್ದ ವಾಚು ಅದು. ಕಪ್ಪು ಡಯಲ್, ಗೀರು ಬಿದ್ದ ಗಾಜು. ದಿನಾ ಚಾವಿ ಕೊಟ್ಟರೆ ಮಾತ್ರ ನಡೆಯುವ ಜಾತಿ.

ಪಕ್ಕದ ಸಣ್ಣ ತಿರುಪನ್ನು ಮೆಲ್ಲಗೆ ತಿರುಗಿಸುತ್ತಿದ್ದರು... ತಿರುಗಿಸುತ್ತ ತಿರುಗಿಸುತ್ತ ಅದು ಬಿಗಿಯಾಗಿ ನಿಲ್ಲುತ್ತಿತ್ತು. ಕಿವಿಗೆ ಹಿಡಿದು ಟಿಕ್ ಟಿಕ್ ಕೇಳುತ್ತಿದ್ದರು. ಮುಖ ಅರಳುತ್ತಿತ್ತು.

"ತುಂಬ್ತು," ಅನ್ನುತ್ತಿದ್ದರು. ಆಮೇಲೆ ಜೋರಾಗಿ, "ಚನ್ನೂ... ಎದ್ದಿಯೇನೋ?"

ಇಡೀ ದಿನದಲ್ಲಿ ಮಗನನ್ನು ಅವರು ಹೆಸರು ಹಿಡಿದು ಕರೆಯುತ್ತಿದ್ದದ್ದು ಅದೊಂದೇ ಸಲ.

ಮಗರಾಯ ಫೋನಿನಿಂದ ತಲೆ ಎತ್ತದೆ, "ಹೂಂ ಅಪ್ಪಾ, ಎದ್ದೀನಿ" ಅನ್ನುತ್ತಿದ್ದ. ಅಲ್ಲಿಗೆ ಮುಗಿಯಿತು.

ಒಂದು ದಿನ ಕ್ಲಬ್ಬಿಗೆ ಗೆಳೆಯನೊಬ್ಬ ಹಳೆಯ ಮಿಲಿಟರಿ ವಾಚು ಕಟ್ಟಿಕೊಂಡು ಬಂದ. ಎಲ್ಲರೂ ಅವನ ಕೈ ಹಿಡಿದು ನೋಡಿದ್ದೇ ನೋಡಿದ್ದು. ಈಗ ಅದೇ ಫ್ಯಾಶನ್ ಅಂತೆ!

ಚನ್ನವೀರನಿಗೆ ಹೊಟ್ಟೆ ಉರಿಯಿತು. ಎಲ್ಲಿಂದಲೋ ಕೊಂಡು ತಂದವನಿಗೇ ಇಷ್ಟು ಮರ್ಯಾದೆ... ನಮ್ಮ ಮನೆಯಲ್ಲಿ ಅಸಲಿ ಮಾಲೇ ಬಿದ್ದಿದೆಯಲ್ಲ!

ಮರುದಿನ ಅಪ್ಪನ ಕೈಯಿಂದ ವಾಚು ಬಿಡಿಸಿಕೊಂಡ. "ರಿಪೇರಿ ಮಾಡಿಸ್ಕೊಂಡು ಬರ್ತೀನಿ ಅಪ್ಪಾ."

ಗೌಡರು ಮಗುವಿನ ಹಾಗೆ ನಕ್ಕರು. "ನನ್ನ ಮಗಾ ವಾಚು ರಿಪೇರಿ ಮಾಡಸ್ತಾನಂತ!" ಎಂದು ಸೊಸೆಯ ಮುಂದೆ ಹೇಳಿಕೊಂಡರು.

ರಿಪೇರಿ ಅಂಗಡಿಯಲ್ಲಿ ಹೊಸ ಗಾಜು, ಪಾಲಿಶ್, ಚರ್ಮದ ಬೆಲ್ಟು, ಎಲ್ಲ ಮಾತಾಯಿತು.

"ದಿನಾ ಕಟ್ಟಾವ ನಾನು," ಎಂದ ಚನ್ನವೀರ. "ಈ ಚಾವಿ ಕೊಡೂ ರಗಳೆ ಯಾರಿಗೆ ಬೇಕ್ರೀ? ಬ್ಯಾಟರಿ ಮಷಿನ್ ಹಾಕಿಬಿಡ್ರಿ."

"ಮತ್ತ ಒಳಗಿನ ಹಳೇ ಮಷಿನ್?" ಎಂದ ಅಂಗಡಿಯವ.

"ಅದನ್ನ ತಗೊಂಡು ನಾ ಏನ್ ಮಾಡ್ಲಿ? ನೀವೇ ಇಟ್ಕೊಳ್ರಿ."

ವಾಚು ಮದುಮಗನ ಹಾಗೆ ಮಿಂಚುತ್ತ ಬಂತು. "ನಮ್ಮಪ್ಪನ ಯುದ್ಧದ ವಾಚು" ಎಂದು ಚನ್ನವೀರ ಕ್ಲಬ್ಬಿನಲ್ಲಿ ಎದೆ ಉಬ್ಬಿಸಿ ತೋರಿಸಿದ. ಎಲ್ಲರೂ ಭೇಷ್ ಅಂದರು.

ಅತ್ತ ಮನೆಯಲ್ಲಿ ಆ ಅಪ್ಪ ದಿನಾ ಬೆಳಿಗ್ಗೆ ದಿಂಬಿನ ಕೆಳಗೆ ತಡಕಾಡುತ್ತಿದ್ದರು...

ಒಂದು ಸಂಜೆ ಹೆಂಡತಿ ಶೈಲಜಾ ತಡೆಯಲಾರದೆ ಕೇಳಿಯೇಬಿಟ್ಟಳು. "ರೀ, ಮಾವಾರು ನಿಮ್ಮನ್ನ ಹೆಸರು ಹಿಡಿದು ಕರದು ಎಷ್ಟು ದಿನಾ ಆತು, ಗೊತ್ತೈತೇನು?"

ಚನ್ನವೀರ ಯೋಚಿಸಿದ. ನೆನಪಾಗಲಿಲ್ಲ. ನೋಡಿ, ಮರೆವಿನ ಕಾಯಿಲೆ ಯಾರಿಗಿತ್ತೋ!

"ವಾಚು ಒಯ್ದಾಗಿಂದ ಕರದಿಲ್ಲ," ಎಂದಳು ಶೈಲಜಾ. "ಚಾವಿ ತುಂಬಿದ ಮ್ಯಾಲೇನ ನೀವು ಅವರಿಗೆ ನೆನಪಾಗ್ತಿದ್ರಿ. ನಾ ದಿನಾ ನೋಡ್ತಿದ್ದೆ. ನೀವು ನೋಡ್ಲಿಲ್ಲ."



ಬೆಳಗಾಗುತ್ತಲೇ ಅಪ್ಪನ ಕೋಣೆಗೆ ಹೋದ. ಗೌಡರು ಮಂಚದ ಅಂಚಿಗೆ ಕುಳಿತಿದ್ದರು. ಕೈಯಲ್ಲಿ ಏನೂ ಇಲ್ಲ... ಆದರೂ ಎರಡು ಬೆರಳು ಗಾಳಿಯಲ್ಲೇ ಚಾವಿ ತಿರುಗಿಸುತ್ತಿದ್ದವು.

ಚನ್ನವೀರ ಕೈಯಿಂದ ವಾಚು ಬಿಚ್ಚಿ ಅವರ ಅಂಗೈಯಲ್ಲಿಟ್ಟ. "ತಪ್ಪಾತು ಅಪ್ಪಾ... ತಗೋರಿ, ನಿಮ್ಮ ವಾಚು."

ಗೌಡರ ಮುಖ ಅರಳಿತು. ತಿರುಪು ಹಿಡಿದು ತಿರುಗಿಸಿದರು. ತಿರುಗಿಸಿದರು... ಇನ್ನೂ ತಿರುಗಿಸಿದರು...

ಅದು ನಿಲ್ಲಲಿಲ್ಲ. ಬ್ಯಾಟರಿ ವಾಚಿಗೆ ಚಾವಿ ತುಂಬುವುದು ಎಲ್ಲಿಂದ? ತಿರುಪು ಸಡಿಲವಾಗಿ ಸುತ್ತುತ್ತಲೇ ಇತ್ತು.

"ಸಾಕು ಅಪ್ಪಾ, ಈಗ ಅದಕ್ಕ ಚಾವಿ ಬೇಕಾಗಿಲ್ಲ," ಎಂದು ಮಗ ಬೇಡಿಕೊಂಡ. ಅವರು ಬಿಡಲಿಲ್ಲ. ಬೆರಳ ತುದಿ ಕೆಂಪಾಯಿತು.

ಚನ್ನವೀರ ಚಪ್ಪಲಿ ಮೆಟ್ಟಿಕೊಂಡವನೇ ಕಾರು ತೆಗೆದ. ರಿಪೇರಿಯವ ಇನ್ನೂ ಬಾಗಿಲು ತೆರೆಯುತ್ತಿದ್ದ.

"ಹಳೇ ಮಷಿನ್ ಕೊಡ್ರಿ. ಏನ್ ಬೇಕಾದ್ರೂ ಕೇಳ್ರಿ!"

"ಅದನ್ನ ಬಿಚ್ಚಿ ಬ್ಯಾರೆ ವಾಚುಗಳಿಗೆ ಹಾಕಿದ್ನಲ್ರೀ," ಎಂದ ಅವನು. "ನೀವೇ ಬ್ಯಾಡ ಅಂದಿದ್ರಿ..."

ಬರಿಗೈಯಲ್ಲಿ ಮನೆಗೆ ಬಂದ. ಗೌಡರು ಬಾಗಿಲಲ್ಲೇ ನಿಂತಿದ್ದರು. ಮಗನನ್ನು ನೋಡಿ, ಮಿಲಿಟರಿಯ ನೆಟ್ಟನೆಯ ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿ, ವಾಚು ಮುಂದೆ ಹಿಡಿದರು.

"ಸಾಹೇಬ್ರ, ಇದು ನಿಮ್ದಿರಬೇಕು, ತಗೋರಿ. ಇದು ತುಂಬವಲ್ದು. ನನ್ನ ವಾಚು ನನ್ನ ಮಗನ ಕಡೆ ಐತ್ರಿ. ರಿಪೇರಿ ಮಾಡಿಸ್ಕೊಂಡು ಬರ್ತೀನಿ ಅಂತ ಹೋಗ್ಯಾನ. ಏನು ಕೊಟ್ರೂ ಭಾಳ ಜ್ವಾಕಿಂದ ಇಡ್ತಾನ ಅವ."

ಚನ್ನವೀರ ಅವರ ಎರಡೂ ಕೈ ಹಿಡಿದುಕೊಂಡ. "ಅಪ್ಪಾ... ನಾನೇ ಚನ್ನೂ!"

ಗೌಡರು ಮರ್ಯಾದೆಯಿಂದ ನಕ್ಕರು. "ಹೌದ್ರೀ? ನನ್ನ ಮಗನ ಹೆಸರೂ ಅದೇ ನೋಡ್ರಿ."

ಆ ವರ್ಷವೇ ಅವರು ತೀರಿಕೊಂಡರು. "ಚನ್ನೂ, ಎದ್ದಿಯೇನೋ" ಎಂದು ಮತ್ತೆ ಕರೆಯಲಿಲ್ಲ.

ವಾಚು ಚನ್ನವೀರನ ಕೈಯಲ್ಲಿ ಇವತ್ತಿಗೂ ಇದೆ. ಒಂದು ನಿಮಿಷವೂ ಹಿಂದೆ ಬಿದ್ದಿಲ್ಲ. ಬೆಳಿಗ್ಗೆ ಎದ್ದು ಅವನೂ ತಿರುಪು ತಿರುಗಿಸಿ ನೋಡುತ್ತಾನಂತೆ... ತುಂಬುವುದಿಲ್ಲ.

*ಹಿರಿಯರ ಕೈಯಲ್ಲಿರುವುದನ್ನು ನಮ್ಮ ಅನುಕೂಲಕ್ಕೆ ರಿಪೇರಿ ಮಾಡಬೇಡಿ... ಅವರ ಜೀವ ಅದರಲ್ಲೇ ನಡೆಯುತ್ತಿರಬಹುದು.*

ಇವತ್ತು ಬೆಳಿಗ್ಗೆ ನಿಮ್ಮ ಮನೆಯಲ್ಲಿ ಯಾರೋ ನಿಮ್ಮ ಹೆಸರು ಹಿಡಿದು ಕರೆದರಲ್ಲ... ಆಗ ನೀವು ಫೋನಿನಿಂದ ತಲೆ ಎತ್ತಿದಿರಾ?