ಬೂದಿ ಹಾರುವ ದಿನ

ಚೀನಾದ ಒಬ್ಬ ದೊರೆಯ ಆಸ್ಥಾನದಲ್ಲಿ ವಾದ್ಯಗಳ ಶ್ರುತಿ ಗೊತ್ತುಮಾಡುವ ಕೆಲಸ ಷೆನ್‌ನದು. ಹನ್ನೆರಡು ಸ್ವರಗಳಿಗೆ ಹನ್ನೆರಡು ಬಿದಿರಿನ ಕೊಳವೆಗಳನ್ನು ಅಳೆದು ಕತ್ತರಿಸಿ, ಬೂದಿ ತುಂಬಿ, ಬಾಯಿ ಮೇಲಿರುವಂತೆ ನೆಲದಲ್ಲಿ ಹೂತಿದ್ದ. ಉತ್ತರಾಯಣದ ದಿನ ಭೂಮಿಯ ಉಸಿರಿಗೆ ಮೊದಲ ಸ್ವರದ ಬೂದಿ ತಾನಾಗಿ ಹಾರಬೇಕು. ಹಾರದಿದ್ದರೆ ಶ್ರುತಿ ಸುಳ್ಳು. ಷೆನ್‌ನ ತಲೆ ಉಳಿಯದು.

ಮಧ್ಯಾಹ್ನವಾದರೂ ಬೂದಿ ಮಿಸುಕಲಿಲ್ಲ. ಬಾಗಿಲಾಚೆ ದೊರೆಯ ಹೆಜ್ಜೆ ಸದ್ದು ಕೇಳಿತು. ಷೆನ್ ಬಗ್ಗಿ, ಉಫ್ ಎಂದು ಊದಿಬಿಟ್ಟ.

“ಏನಯ್ಯಾ, ಹಾರಿತೇನು?”

“ಈಗಷ್ಟೇ ಹಾರಿತು ಪ್ರಭು! ಕಣ್ಣಾರೆ ಕಂಡೆ.”

“ನಿನ್ನ ಗಡ್ಡದವರೆಗೂ ಹಾರಿದೆಯಲ್ಲ!”

ಷೆನ್ ನಗಲು ನೋಡಿದ. ಗಡ್ಡ ಒರೆಸಿಕೊಂಡ.

ದೊರೆ ಮೆಲ್ಲಗೆ ಹೇಳಿದ: “ಪಂಚಾಂಗದವರಿಂದ ನಿನಗೆ ಇವತ್ತೇ ಎಂದು ಬೇಕೆಂದೇ ಸುಳ್ಳು ಹೇಳಿಸಿದ್ದೆ ಕಣಯ್ಯಾ. ಉತ್ತರಾಯಣ ನಾಳೆ.”